ಬಾಕ್ ಹಾಕಿದ ಲಿಂಕರೇ ಯಾಕೆ, ಬರೀ ಡೈಅಮೈನ್ ಸಾಲ್ದಾ?

ಪ್ರೋಟ್ಯಾಕ್ ಅಂದ್ರೆ ಒಂದು ತುದೀಲಿ ಬೇಡದ ಪ್ರೋಟೀನನ್ನ, ಇನ್ನೊಂದ್ರಲ್ಲಿ ಜೀವಕೋಶದ ಕಸ ತೆಗೆಯೋ ವ್ಯವಸ್ಥೆಯನ್ನ ಹಿಡಿಯೋ ಅಣು; ಆ ಎರಡು ತುದಿ ಜೋಡಿಸೋ ಕೊಂಡಿಯೇ ಲಿಂಕರ್. ಡೈಅಮೈನ್ ಅಂದ್ರೆ ಎರಡೂ ತುದೀಲಿ ಅಮೈನ್ ಇರೋ ಲಿಂಕರ್, ಬಾಕ್ ಅಂದ್ರೆ ಅದ್ರಲ್ಲಿ ಒಂದು ಅಮೈನ್‌ಗೆ ತಾತ್ಕಾಲಿಕವಾಗಿ ಹಾಕೋ ಮುಚ್ಚಳ. ಪ್ರೋಟ್ಯಾಕ್ ಬಗ್ಗೆ ಬರೆದಾಗಲೆಲ್ಲ ಈ ಪ್ರಶ್ನೆ ಬಂದೇ ಬರತ್ತೆ, ಹೆಚ್ಚಾಗಿ ಎಂಎಸ್ಸಿ ಮುಗಿಸಿ ಬೊಮ್ಮಸಂದ್ರ, ಜಿಗಣಿ ಕಡೆ ಲ್ಯಾಬ್‌ಗೆ ಸೇರಿರೋ ಹುಡುಗ್ರಿಂದ: "ಸರ್, ಬಾಕ್ ಹೇಗಿದ್ರೂ ಆಮೇಲೆ ಕಿತ್ತು ಬಿಸಾಕೋದೇ ಅಲ್ವಾ, ಅದಕ್ಕ್ಯಾಕೆ ಅಷ್ಟು ದುಡ್ಡು? ಬರೀ ಡೈಅಮೈನ್ ತಗೊಂಡು, ಜೋಡಿಸ್ಬೇಕಾದ ಆಸಿಡ್‌ನ ಒಂದಕ್ಕೊಂದು ಅಳತೇಲಿ, ಐಸ್‌ನಲ್ಲಿಟ್ಟು, ಹನಿ ಹನಿಯಾಗಿ ಹಾಕಿದ್ರೆ ಒಂದೇ ತುದಿಗೆ ಸೇರ್ಕೊಳ್ಳಲ್ವಾ?"

ಇಲ್ಲ ಕಣ್ರೀ, ಸೇರ್ಕೊಳ್ಳಲ್ಲ.

2015ರಲ್ಲಿ ಅಮೆರಿಕದ ವಿಜ್ಞಾನಿ ಬ್ರಾಡ್ನರ್ ಅವರ ತಂಡ ಮಾಡಿದ ಡಿಬೆಟ್1 ಅನ್ನೋ ಪ್ರೋಟ್ಯಾಕ್ ತಗೊಳ್ಳಿ. ಒಂದು ಕಡೆ ನಾಶ ಮಾಡ್ಬೇಕಾದ ಪ್ರೋಟೀನ್ ಬಿಆರ್‌ಡಿ4 ಹಿಡಿಯೋ ಜೆಕ್ಯೂ1, ಇನ್ನೊಂದು ಕಡೆ ಕಸ ತೆಗೆಯೋ ವ್ಯವಸ್ಥೆಯ ಪ್ರೋಟೀನ್ ಸೆರೆಬ್ಲಾನ್ ಹಿಡಿಯೋ ಥಾಲಿಡೋಮೈಡ್, ನಡುವೆ ನಾಲ್ಕು ಕಾರ್ಬನ್‌ನ ಡೈಅಮೈನ್. ಈಗ 100 ಡೈಅಮೈನ್‌ಗೆ 100 ಥಾಲಿಡೋಮೈಡ್ ಆಸಿಡ್ ಹಾಕಿದ್ರಿ ಅಂತಿಟ್ಕೊಳ್ಳಿ. ತುದಿಗಳು 200, ಅದ್ರಲ್ಲಿ ಅರ್ಧ ತುಂಬತ್ತೆ. ಒಂದು ತುದಿ ತುಂಬಿದ್ದು ಇನ್ನೊಂದು ತುದಿಗೆ ಗೊತ್ತೇ ಆಗಲ್ಲ, ಹಾಗಾಗಿ ಹೆಚ್ಚುಕಮ್ಮಿ 25 ಖಾಲಿ ಉಳಿಯತ್ತೆ, 50 ನಿಮಗೆ ಬೇಕಾದ್ದು, 25ಕ್ಕೆ ಎರಡೂ ಕಡೆ ಥಾಲಿಡೋಮೈಡ್. ನೀವು ಹನಿ ಹಾಕಿ, ಧಾರೆ ಹಾಕಿ, ರಾತ್ರಿಯೆಲ್ಲ ಕೂತು ಹಾಕಿ, ಕೊನೇಲಿ ಬರೋ ಲೆಕ್ಕ ಇದೇನೇ.

ಈ ನಂಬಿಕೆ ಎಲ್ಲಿಂದ ಬಂತು ಅನ್ನೋದೂ ಗೊತ್ತು. ಬಾಕ್ ಲಿಂಕರ್ ತಯಾರಿಸೋದೇ ಹಾಗೆ, ತುಂಬಾ ಜಾಸ್ತಿ ಡೈಅಮೈನ್ ಇಟ್ಕೊಂಡು ಅದಕ್ಕೆ ಬಾಕ್ ಅಂಟಿಸೋ ಬಾಕ್ ಅನ್‌ಹೈಡ್ರೈಡ್ ನಿಧಾನವಾಗಿ ಹಾಕ್ತಾರೆ, ಉಳಿದ ಡೈಅಮೈನ್ ನೀರಲ್ಲಿ ತೊಳೆದು ಹೋಗತ್ತೆ. ಅಲ್ಲಿ ಕೆಲ್ಸ ಮಾಡೋದು ಆ "ಜಾಸ್ತಿ", ಹನಿಯೊಂದೇ ಅಲ್ಲ. ಸರಿ, ನಾವೂ ಹತ್ತು ಪಟ್ಟು ಹಾಕ್ತೀವಿ ಅಂತೀರಾ? ಹಾಕಿ, ಆ ಬಿಡುವಾಗಿರೋ ಅಮೈನ್ ಥಾಲಿಡೋಮೈಡ್‌ನ ಇಮೈಡ್ ರಿಂಗ್‌ಗೇ ಬಾಯಿ ಹಾಕತ್ತೆ.

ಇನ್ನು ಕೆಲವರು "ಡೈಮರ್ (ಆ ಎರಡೂ ಕಡೆ ಥಾಲಿಡೋಮೈಡ್ ಇರೋದು) ಸ್ವಲ್ಪ ಇದ್ರೇನಂತೆ, ಶುದ್ಧ ಮಾಡೋ ಕಾಲಮ್‌ನಲ್ಲಿ ಹೋಗತ್ತೆ, ಹೋಗದಿದ್ರೂ ಸುಮ್ನೆ ಬಿದ್ದಿರತ್ತೆ" ಅಂತಾರೆ. ಇದು ಕೇಳಿದ್ರೇ ನನಗೆ ತಲೆ ಕೆಡೋದು! ಸುಮ್ನೆ ಬಿದ್ದಿರಲ್ಲ ಅದು. 2017ರಲ್ಲಿ ಸ್ಕಾಟ್ಲೆಂಡಿನ ಡಂಡೀಯ ವಿಜ್ಞಾನಿ ಚ್ಯೂಲಿ ಅವರ ತಂಡ, ಸೆರೆಬ್ಲಾನ್ ಥರದ್ದೇ ಇನ್ನೊಂದು ಪ್ರೋಟೀನ್ ಆದ ವಿಎಚ್‌ಎಲ್ ಹಿಡಿಯೋ ಎರಡು ಲಿಗಾಂಡ್‌ಗಳನ್ನ (ಪ್ರೋಟೀನ್‌ಗೆ ಅಂಟೋ ಅಣು) ಬೇಕಂತಲೇ ಜೋಡಿಸಿ ತೋರಿಸ್ತು, ಆ ಡೈಮರ್ ವಿಎಚ್‌ಎಲ್ ಪ್ರೋಟೀನನ್ನೇ ಖಾಲಿ ಮಾಡತ್ತೆ. 2018ರಲ್ಲಿ ಬೇರೊಂದು ತಂಡದವರು ಥಾಲಿಡೋಮೈಡ್‌ನ ಹತ್ತಿರದ ನೆಂಟ ಪೊಮಾಲಿಡೋಮೈಡ್ ಎರಡು ಸೇರಿಸಿ ಸೆರೆಬ್ಲಾನ್‌ಗೂ ಅದೇ ಗತಿ ಕಾಣಿಸಿದ್ರು. ಅಂದ್ರೆ ನಿಮ್ಮ ಸ್ಯಾಂಪಲ್‌ನಲ್ಲಿ ಉಳಿದ ಡೈಮರ್, ನಿಮ್ಮ ಪ್ರೋಟ್ಯಾಕ್ ನೆಚ್ಕೊಂಡಿರೋ ಸೆರೆಬ್ಲಾನನ್ನೇ ಮುಗಿಸ್ಬಹುದು, ಬಿಆರ್‌ಡಿ4 ಹಾಗೇ ಉಳಿಯತ್ತೆ, ನೀವು ಕಾಂಪೌಂಡೇ ಸರಿ ಇಲ್ಲ ಅಂತ ಬರ್ದು ಫೈಲ್ ಮುಚ್ತೀರಿ.

ಯಾರೂ ಕೇಳಿಲ್ಲ, ಆದ್ರೂ ಹೇಳ್ಬಿಡ್ತೀನಿ. ಆಸಿಡ್ ತುದಿ ಇರೋ ಲಿಂಕರ್ ತಗೊಳ್ಳೋವಾಗ ಅಗ್ಗ ಅಂತ ಆಸಿಡ್‌ಗೆ ಮಿಥೈಲ್ ಎಸ್ಟರ್ ಮುಚ್ಚಳ ಇರೋದು ತಗೋಬೇಡಿ. ಅದನ್ನ ತೆಗೆಯೋಕೆ ಲಿಥಿಯಂ ಹೈಡ್ರಾಕ್ಸೈಡ್ ಹಾಕಿದ್ರೆ ಥಾಲಿಡೋಮೈಡ್‌ನ ಗ್ಲುಟಾರಿಮೈಡ್ ರಿಂಗೂ ತೆರ್ಕೊಳ್ಳತ್ತೆ, ಅಣುವಿನ ತೂಕ ನೋಡೋ ಎಲ್‌ಸಿಎಂಎಸ್‌ನಲ್ಲಿ ಎಣಿಸಿದ ಮಾಸ್‌ಗಿಂತ 18 (ಒಂದು ನೀರಿನ ಅಣುವಿನಷ್ಟು) ಜಾಸ್ತಿ ಇರೋ ಪೀಕ್ ಕಂಡ್ರೆ ಮೊದಲು ಇದನ್ನೇ ಅನುಮಾನಿಸಿ. ಟರ್ಟ್-ಬ್ಯುಟೈಲ್ ಎಸ್ಟರ್ ತಗೊಳ್ಳಿ, ಡಿಸಿಎಮ್ ದ್ರಾವಕದಲ್ಲಿ ಟಿಎಫ್‌ಎ ಅನ್ನೋ ಆಸಿಡ್ ಹಾಕಿದ್ರೆ ರೂಮ್ ಟೆಂಪರೇಚರ್‌ನಲ್ಲೇ ಹೋಗತ್ತೆ, ರಿಂಗ್ ಉಳಿಯತ್ತೆ. ಬಾಕ್ ಕೂಡ ಹಾಗೇ, ಆದ್ರೆ ಅಮೈನ್ ಟಿಎಫ್‌ಎ ಸಾಲ್ಟ್ ಆಗಿ ಬರತ್ತೆ, ಮುಂದೆ ಎಚ್‌ಎಟಿಯು ಹಾಕಿ ಅಮೈನ್‌ನ ಆಸಿಡ್‌ಗೆ ಜೋಡಿಸೋವಾಗ (ಕಪ್ಲಿಂಗ್) ಡಿಐಪಿಇಎ ಅನ್ನೋ ಬೇಸ್‌ನ ಆ ಸಾಲ್ಟ್‌ಗೂ ಸೇರಿಸಿ ಲೆಕ್ಕ ಹಾಕಿ. ಮತ್ತೆ ಒಂದೇ ಲಿಂಕರ್‌ನ ಒಂದು ತುದೀಲಿ ಬಾಕ್, ಇನ್ನೊಂದ್ರಲ್ಲಿ ಟರ್ಟ್-ಬ್ಯುಟೈಲ್ ಇರೋದನ್ನ ತರಿಸ್ಬೇಡಿ, ಟಿಎಫ್‌ಎ ಎರಡನ್ನೂ ಒಟ್ಟಿಗೇ ಕಿತ್ತಾಕತ್ತೆ.