ಎರಡು ಓಎಸ್ ಹಾಕಿದರೆ ಲ್ಯಾಪ್‌ಟಾಪ್ ಸ್ಲೋ ಆಗುತ್ತದೆಯೇ?

ಪ್ರಶ್ನೆ: "ಸರ, ವಿಂಡೋಸ್ ಇರೋ ಲ್ಯಾಪ್‌ಟಾಪಿನಾಗ ಉಬುಂಟುನೂ ಹಾಕಬೇಕಂತ ಮಾಡೀನ್ರಿ. ಎರಡೂ ಇದ್ರ ಸ್ಲೋ ಆಗ್ತದಂತಾರ, ಖರೇ ಏನ್ರಿ?"

ಸುಳ್ಳು. ಕಲಬುರಗಿಯ ಇಂಜಿನಿಯರಿಂಗ್ ಹುಡುಗರು ಪ್ರತಿ ವರ್ಷ ಸೆಮಿಸ್ಟರ್ ಶುರುವಾದ ಕೂಡಲೇ ಇದನ್ನೇ ಕೇಳುತ್ತಾರೆ, ನಾನೂ ಪ್ರತಿ ಸಲ ಇದನ್ನೇ ಹೇಳುತ್ತೇನೆ. ಆದರೂ "ರ‍್ಯಾಮ್ ಅರ್ಧರ್ಧ ಹಂಚಿ ಹೋಗ್ತದ" ಎಂಬ ಮಾತು ಸಾಯುತ್ತಿಲ್ಲ. ರ‍್ಯಾಮ್ ಅಂದರೆ ನಡೆಯುತ್ತಿರುವ ಕೆಲಸವನ್ನು ತಾತ್ಕಾಲಿಕವಾಗಿ ಹಿಡಿದಿಡುವ ಮೆಮೊರಿ.

ವಿಂಡೋಸ್, ಉಬುಂಟು ಎರಡೂ ಓಎಸ್‌ಗಳು, ಅಂದರೆ ಲ್ಯಾಪ್‌ಟಾಪನ್ನು ನಡೆಸುವ ಮೂಲ ತಂತ್ರಾಂಶಗಳು; ಉಬುಂಟು ಲಿನಕ್ಸಿನ ಒಂದು ಬಗೆ. ಲ್ಯಾಪ್‌ಟಾಪ್ ಆನ್ ಮಾಡಿದಾಗ ಗ್ರಬ್ ಎಂಬ ಪುಟ್ಟ ಪ್ರೋಗ್ರಾಮು ಯಾವುದು ಬೇಕೆಂದು ಕೇಳುತ್ತದೆ. ನೀವು ಆರಿಸಿದ್ದು ಮಾತ್ರ ರ‍್ಯಾಮಿಗೆ ಬರುತ್ತದೆ. ಇನ್ನೊಂದು ಡಿಸ್ಕಿನಲ್ಲಿ ಬರೀ ಫೈಲುಗಳಾಗಿ ಬಿದ್ದಿರುತ್ತದೆ, ನಿಮ್ಮ ಫೋಟೋಗಳ ಹಾಗೆಯೇ. 8 ಜಿಬಿ ರ‍್ಯಾಮ್ ಇದ್ದರೆ ಆ 8 ಜಿಬಿಯೂ ಆಗ ನಡೆಯುತ್ತಿರುವ ಒಂದಕ್ಕೇ. ಒಂದೇ ಆಟೋವನ್ನು ಹಗಲು ಒಬ್ಬ, ರಾತ್ರಿ ಒಬ್ಬ ಓಡಿಸಿದರೆ ಇಂಜಿನ್ ಶಕ್ತಿ ಅರ್ಧವಾಗುತ್ತದೆಯೇ?

ಈ ತಪ್ಪು ಕಲ್ಪನೆ ಹುಟ್ಟಿದ್ದಕ್ಕೂ ಕಾರಣವಿದೆ. ಕಾಲೇಜ್ ಲ್ಯಾಬಿನಲ್ಲಿ ವಿಂಡೋಸ್ ನಡೆಯುತ್ತಿರುವಾಗಲೇ ವರ್ಚುವಲ್‌ಬಾಕ್ಸ್ ಎಂಬ ಪ್ರೋಗ್ರಾಮಿನ ಒಳಗೆ ಲಿನಕ್ಸ್ ಓಡಿಸುತ್ತಾರೆ. ಅಲ್ಲಿ ಎರಡೂ ಏಕಕಾಲಕ್ಕೆ ನಡೆಯುವುದರಿಂದ ರ‍್ಯಾಮ್ ನಿಜವಾಗಿಯೂ ಹಂಚಿಹೋಗುತ್ತದೆ, ಮಷಿನ್ ತೆವಳುತ್ತದೆ. ಅದನ್ನು ಕಂಡವರು ಡ್ಯುಯಲ್ ಬೂಟಿಗೂ, ಅಂದರೆ ಎರಡು ಓಎಸ್ ಹಾಕಿ ಆನ್ ಮಾಡುವಾಗ ಒಂದನ್ನು ಆರಿಸುವ ವಿಧಾನಕ್ಕೂ, ಅದೇ ಹಣೆಪಟ್ಟಿ ಹಚ್ಚಿಬಿಟ್ಟರು. ಡ್ಯುಯಲ್ ಬೂಟಿನಲ್ಲಿ ಹಂಚಿಕೆಯಾಗುವುದು ಡಿಸ್ಕಿನ ಜಾಗ ಮಾತ್ರ. ಸಿ ಡ್ರೈವಿನಲ್ಲಿ ಉಸಿರಾಡಲೂ ಜಾಗ ಉಳಿಸದೆ ಕತ್ತರಿಸಿ ಲಿನಕ್ಸಿಗೆ ಕೊಟ್ಟರೆ ವಿಂಡೋಸ್ ಮುಗ್ಗರಿಸುತ್ತದೆ ನಿಜ, ಆದರೆ ಆ ತಪ್ಪು ಲಿನಕ್ಸಿನದಲ್ಲ.

ಹಾಕುವ ಮುಂಚೆ ಬ್ಯಾಕಪ್ ತೆಗೆದುಕೊಳ್ಳಿ. ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ರಿಕವರಿ ಕೀ ಬರೆದಿಟ್ಟುಕೊಳ್ಳಿ, ವಿಂಡೋಸ್ ಪೂರ್ತಿ ಬಂದ್ ಆಗದಂತೆ ಮಾಡುವ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಸಿ ಡ್ರೈವನ್ನು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದಲೇ ಕುಗ್ಗಿಸಿ. ಉಬುಂಟುಗೆ 25 ಜಿಬಿ ಸಾಕೆನ್ನುತ್ತಾರೆ, ನಾನು 50 ಕೊಡಿ ಎನ್ನುತ್ತೇನೆ. ಉಬುಂಟು ಹಾಕುವಾಗ ಬರುವ "ಇರೇಸ್ ಡಿಸ್ಕ್" ಎಂಬ ಆಯ್ಕೆಯನ್ನು ಮಾತ್ರ ಮುಟ್ಟಬೇಡಿ, ವಿಂಡೋಸ್ ಅಳಿಸಿಹೋಗುವುದು ಅಲ್ಲೇ. ಬ್ಯಾಟರಿ ಸತ್ತ ಲ್ಯಾಪ್‌ಟಾಪಾದರೆ ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ.

ಯಾರೂ ಮೊದಲೇ ಕೇಳದ ಇನ್ನೊಂದು ಸಂಗತಿಯಿದೆ. ಲಿನಕ್ಸಿನಿಂದ ವಿಂಡೋಸಿಗೆ ಬಂದಾಗ ಬೆಳಿಗ್ಗೆ 10 ಗಂಟೆಯ ಬದಲು 4.30 ತೋರಿಸಿದರೆ ಗಾಬರಿಯಾಗಿ ಮದರ್‌ಬೋರ್ಡಿನ ಸೆಲ್ ಬದಲಿಸಲು ಓಡಬೇಡಿ. ಮದರ್‌ಬೋರ್ಡಿನ ಗಡಿಯಾರವನ್ನು ಲಿನಕ್ಸ್ ಯುಟಿಸಿ ಎಂಬ, ನಮಗಿಂತ ಹಿಂದಿರುವ ಜಾಗತಿಕ ಪ್ರಮಾಣ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ. ಅದಕ್ಕೇ ಸರಿಯಾಗಿ ಐದೂವರೆ ಗಂಟೆಯ ವ್ಯತ್ಯಾಸ. ಲಿನಕ್ಸಿನ ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ (timedatectl) ಆಜ್ಞೆಯಿಂದ ಆ ಗಡಿಯಾರವನ್ನು ಸ್ಥಳೀಯ ಸಮಯಕ್ಕೆ ಬದಲಿಸಿದರೆ ಎರಡರಲ್ಲೂ ಒಂದೇ ಸಮಯ ಬರುತ್ತದೆ.