ಮೇಲ್ಮೈ ಉಷ್ಣಾಂಶ: ಬೆಂಗಳೂರಿನ ನೆಲ ಕಾಯುವುದು ಹೇಗೆ?

ಏಪ್ರಿಲ್ ಮಧ್ಯಾಹ್ನ ಫೋನ್ ತೆಗೆದು ನೋಡಿದರೆ ಬೆಂಗಳೂರು 35 ಡಿಗ್ರಿ ಅಂತ ತೋರಿಸುತ್ತದೆ. ಅದು ಗಾಳಿಯ ಬಿಸಿ. ಹವಾಮಾನ ಇಲಾಖೆಯವರು ಅದನ್ನು ಆಳೆತ್ತರಕ್ಕಿಂತ ಸ್ವಲ್ಪ ಕೆಳಗೆ, ಬಿಸಿಲು ನೇರ ಬೀಳದ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ ಅಳೆಯುತ್ತಾರೆ. 2016ರ ಏಪ್ರಿಲ್‌ನಲ್ಲಿ ನಗರದಲ್ಲಿ ದಾಖಲಾದ 39.2 ಡಿಗ್ರಿ ಕೂಡ ಗಾಳಿಯ ಬಿಸಿಯೇ.

ಅದೇ ಹೊತ್ತಿನಲ್ಲಿ ಚಪ್ಪಲಿ ಬಿಟ್ಟು ಗುಡಿಯ ಅಂಗಳಕ್ಕೆ ಕಾಲಿಟ್ಟು ನೋಡಿ. ಕಲ್ಲುಚಪ್ಪಡಿ ಸುಡುತ್ತಿರುತ್ತದೆ. ಪ್ರದಕ್ಷಿಣೆ ಹಾಕುವವರೆಲ್ಲ ಗೋಡೆ ಪಕ್ಕದ ಒಂದು ಗೇಣು ನೆರಳಿನಲ್ಲೇ ಬಿರಬಿರನೆ ಹೆಜ್ಜೆ ಹಾಕುತ್ತಾರೆ. ಆ ಕಲ್ಲಿನ ಬಿಸಿ ಫೋನ್ ಹೇಳುವ ಬಿಸಿಗಿಂತ ಎಷ್ಟೋ ಜಾಸ್ತಿ. ಕಲ್ಲು, ಡಾಂಬರು, ತಾರಸಿ, ಮಣ್ಣು, ಹುಲ್ಲು, ಮರದ ಎಲೆ, ಇವುಗಳ ಮೈ ಎಷ್ಟು ಕಾದಿದೆ ಅನ್ನುವುದೇ ಮೇಲ್ಮೈ ಉಷ್ಣಾಂಶ. ವಿಜ್ಞಾನಿಗಳು ಇದನ್ನು ಲ್ಯಾಂಡ್ ಸರ್ಫೇಸ್ ಟೆಂಪರೇಚರ್ ಅನ್ನುತ್ತಾರೆ, ವರದಿಗಳಲ್ಲಿ ಚಿಕ್ಕದಾಗಿ ಎಲ್‌ಎಸ್‌ಟಿ ಅಂತ ಬರೆಯುತ್ತಾರೆ.

ಒಂದೇ ಊರು, ಒಂದೇ ಬಿಸಿಲು. ಹಾಗಿದ್ದರೂ ಒಂದು ಕಡೆ ನೆಲ ಸುಡುತ್ತದೆ, ಇನ್ನೊಂದು ಕಡೆ ತಣ್ಣಗಿರುತ್ತದೆ. ಬಿದ್ದ ಬಿಸಿಲು ಎಲ್ಲಿಗೆ ಹೋಗುತ್ತದೆ ಅನ್ನುವುದರ ಮೇಲೆ ಇದು ನಿಂತಿದೆ. ಸ್ವಲ್ಪ ಭಾಗ ಹಾಗೇ ಮೇಲಕ್ಕೆ ಪ್ರತಿಫಲಿಸುತ್ತದೆ. ಸ್ವಲ್ಪ ನೀರನ್ನು ಆವಿ ಮಾಡಲು ಖರ್ಚಾಗುತ್ತದೆ. ಸ್ವಲ್ಪ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಇನ್ನು ಸ್ವಲ್ಪ ನೆಲದೊಳಗೆ ಇಳಿದು ಕೂರುತ್ತದೆ. ಯಾವುದಕ್ಕೆ ಎಷ್ಟು ಪಾಲು ಅಂತ ತೀರ್ಮಾನಿಸುವುದು ನೆಲದ ಹೊದಿಕೆ. ಹೊಸ ಡಾಂಬರು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಬರೀ 5 ಶೇಕಡದಷ್ಟನ್ನು ಪ್ರತಿಫಲಿಸುತ್ತದೆ, ಮಿಕ್ಕದ್ದನ್ನೆಲ್ಲ ಹೀರಿಕೊಳ್ಳುತ್ತದೆ. ಒಳ್ಳೆಯ ಬಿಳಿ ಬಣ್ಣ ಬಳಿದ ತಾರಸಿ 70 ಶೇಕಡಕ್ಕೂ ಜಾಸ್ತಿ ವಾಪಸ್ ಕಳಿಸುತ್ತದೆ.

ಆದರೆ ಈ ನಾಲ್ಕರಲ್ಲಿ ನಾವು ಗಮನಿಸಬೇಕಾದ್ದು ಆವಿಯ ಲೆಕ್ಕ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2.4 ಮೆಗಾಜೂಲ್ ಶಾಖ ಬೇಕು. ಕರೆಂಟಿನ ಲೆಕ್ಕದಲ್ಲಿ ಹೇಳುವುದಾದರೆ ಒಂದು ಯುನಿಟ್‌ನ ಮೂರನೇ ಎರಡು ಭಾಗ. ಅದೇ ಒಂದು ಲೀಟರ್ ನೀರನ್ನು 20 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು ಬೇಕಾದ ಶಾಖದ ಏಳು ಪಟ್ಟು ಇದು! ಮಣ್ಣಿನ ಮಡಕೆಯ ನೀರು ತಣ್ಣಗಿರುವುದು ಹೇಗೋ ಮರವೂ ಹಾಗೇ. ಬೇರು ನೆಲದಾಳದ ನೀರು ಎಳೆಯುತ್ತದೆ, ಎಲೆಯ ಸಣ್ಣ ರಂಧ್ರಗಳಿಂದ ಅದು ಆವಿಯಾಗಿ ಹೋಗುತ್ತದೆ, ಹೋಗುವಾಗ ಶಾಖವನ್ನೂ ಒಯ್ಯುತ್ತದೆ. ಹೀಗಾಗಿ ಉರಿ ಬಿಸಿಲಿನಲ್ಲಿ ನಿಂತ ಹೊಂಗೆ ಎಲೆ ಮುಟ್ಟಿದರೆ ಬಿಸಿ ಅನ್ನಿಸುವುದಿಲ್ಲ. ಅದರ ಪಕ್ಕ ನಿಲ್ಲಿಸಿದ ಸ್ಕೂಟರ್ ಸೀಟು ಮುಟ್ಟೋಕೇ ಆಗುವುದಿಲ್ಲ.

ಇದಕ್ಕೆ ನಮ್ಮ ಊರಿನದೇ ಅಳತೆ ಇದೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಅವರ ಸಹ ಸಂಶೋಧಕರು ಬೆಂಗಳೂರಿನ ರಸ್ತೆಗಳಲ್ಲಿ, ಮರ ಇರುವ ಭಾಗ ಮತ್ತು ಇಲ್ಲದ ಭಾಗ ಎರಡನ್ನೂ ಅಳೆದು 2013ರಲ್ಲಿ ಪ್ರಕಟಿಸಿದರು. ಮಧ್ಯಾಹ್ನದ ಹೊತ್ತು ಮರದ ಕೆಳಗೆ ಗಾಳಿಯ ಬಿಸಿ 5.6 ಡಿಗ್ರಿವರೆಗೆ ಕಡಿಮೆ ಇತ್ತು. ಡಾಂಬರಿನ ಮೈಬಿಸಿ 27.5 ಡಿಗ್ರಿವರೆಗೆ ಕಡಿಮೆ! ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿದರೆ ಗಾಳಿಯ ಬಿಸಿ ಬೇರೆ, ಮೇಲ್ಮೈ ಬಿಸಿ ಬೇರೆ ಅನ್ನುವುದು ತಟ್ಟನೆ ಗೊತ್ತಾಗುತ್ತದೆ. ಎಳನೀರು ಗಾಡಿಯವರು, ಹೂ ಮಾರುವವರು, ಸೈಕಲ್ ಪಂಕ್ಚರ್ ಹಾಕುವವರು ಯಾಕೆ ಮರದ ಬುಡವನ್ನೇ ಹುಡುಕುತ್ತಾರೆ ಅಂತ ಕೇಳಬೇಕಾಗಿಲ್ಲ. ಇಡೀ ದಿನ ಆ ನೆಲದ ಪಕ್ಕದಲ್ಲೇ ಕೂರುವವರು ಅವರು.

ಮರದ ಜಾತಿಯೂ ಮುಖ್ಯ. ಗುಲಾಬಿ ತಬೆಬುಯಾ ಹೂ ಬಿಟ್ಟಾಗ ಊರೆಲ್ಲ ಫೋಟೊ ತೆಗೆಯುತ್ತದೆ, ನೋಡಲು ಚೆಂದವೇ. ಆದರೆ ಹೂ ಬಿಡುವ ಹೊತ್ತಿಗೆ ಅದು ಎಲೆ ಉದುರಿಸಿರುತ್ತದೆ, ನೆರಳು ತೆಳು. ಹೊಂಗೆ ಹಾಗಲ್ಲ. ಯುಗಾದಿ ಹೊತ್ತಿಗೆ ಹೊಸ ಎಲೆ ತುಂಬಿಕೊಂಡು, ಬಿಸಿಲು ಏರುವಾಗ ದಟ್ಟವಾಗಿ ನಿಂತಿರುತ್ತದೆ. ನನ್ನನ್ನು ಕೇಳಿದರೆ ಫುಟ್‌ಪಾತಿಗೆ ಹೊಂಗೆಯೇ ಮೊದಲು.

ಇನ್ನು ಊರಿನ ಹೊದಿಕೆ ಬದಲಾದ ಕಥೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಉಪಗ್ರಹ ಚಿತ್ರಗಳಿಂದ ತೆಗೆದ ಲೆಕ್ಕ ಇದು. 1973ರಿಂದ 2010ರವರೆಗೆ ಬೆಂಗಳೂರಿನ ಕಟ್ಟಡ ಪ್ರದೇಶ 584 ಶೇಕಡ ಹೆಚ್ಚಾಯಿತು. ಹಸಿರು 66 ಶೇಕಡ, ಕೆರೆಕುಂಟೆ 74 ಶೇಕಡ ಕಡಿಮೆಯಾದವು. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಜಾಗ ಧರ್ಮಾಂಬುಧಿ ಕೆರೆ ಆಗಿತ್ತು, ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆಯ ಜಾಗ. ಕೆರೆ ಹೋದಾಗ ಹೋದದ್ದು ನೀರು ಮಾತ್ರವಲ್ಲ. ಸುತ್ತಲಿನ ಮಣ್ಣಿಗೆ ಇಂಗುವ ತೇವ ಹೋಯಿತು, ಆ ತೇವ ನಂಬಿಕೊಂಡ ಮರಗಳಿಗೂ ಕಷ್ಟವಾಯಿತು. ಮೇಲ್ಮೈ ಬಿಸಿಯ ಲೆಕ್ಕದಲ್ಲಿ ಕೆರೆ, ಮರ, ಬರಿಮಣ್ಣು ಮೂರನ್ನೂ ಬೇರೆಬೇರೆ ಮಾಡಿ ನೋಡಲು ಬರುವುದಿಲ್ಲ.

ಇಷ್ಟು ಓದಿದ ಮೇಲೆ, ಊರು ಅಂದರೆ ಬಿಸಿ, ಹಳ್ಳಿ ಅಂದರೆ ತಂಪು ಅನ್ನಿಸುತ್ತದೆ ಅಲ್ವಾ? ಯಾವಾಗಲೂ ಹಾಗಿಲ್ಲ. ಏಪ್ರಿಲ್‌ನಲ್ಲಿ ಹೊಸಕೋಟೆ, ದೇವನಹಳ್ಳಿ ಕಡೆ ಹೋದರೆ ರಾಗಿ ಕೊಯ್ದು ತಿಂಗಳುಗಳಾದ ಕೆಂಪು ಹೊಲ ಬರಿದಾಗಿ ಒಣಗಿರುತ್ತದೆ. ಆವಿ ಮಾಡಲು ನೀರೇ ಇಲ್ಲದಿದ್ದಾಗ ಬಿಸಿಲೆಲ್ಲ ಮಣ್ಣನ್ನೇ ಕಾಯಿಸುತ್ತದೆ. ಅಂಥ ಹೊಲದ ಮೈಬಿಸಿ ಮಟಮಟ ಮಧ್ಯಾಹ್ನ ಮರಗಳಿರುವ ಹಳೆಯ ಬಡಾವಣೆಗಿಂತ ಜಾಸ್ತಿ ಇರಬಹುದು. ಭಾರತದ ಅನೇಕ ನಗರಗಳಲ್ಲಿ ಮುಂಗಾರಿಗೆ ಮುಂಚಿನ ಬೇಸಿಗೆಯ ಹಗಲಿನಲ್ಲಿ ಹೀಗೆಯೇ ಆಗುತ್ತದೆ ಅಂತ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಸುತ್ತಲಿನ ಹೊಲಗಳಲ್ಲಿ ಆಗ ಹಸಿರು ಇಲ್ಲದಿರುವುದೇ ಇದಕ್ಕೆ ಕಾರಣ. ಮಳೆ ಬಿದ್ದು ಬೆಳೆ ಎದ್ದ ಮೇಲೆ ಲೆಕ್ಕ ತಿರುಗುತ್ತದೆ.

ರಾತ್ರಿ ಕಥೆಯೇ ಬೇರೆ. ಒಣ ಹೊಲದ ಮೈ ಸಂಜೆಯಾದಂತೆ ಬೇಗ ತಣಿಯುತ್ತದೆ. ನಗರದ ಕಾಂಕ್ರೀಟು, ಡಾಂಬರು ಹಗಲೆಲ್ಲ ಒಳಗೆ ತುಂಬಿಕೊಂಡ ಬಿಸಿಯನ್ನು ನಿಧಾನಕ್ಕೆ ಬಿಡುತ್ತವೆ. ಚಿಕ್ಕಪೇಟೆಯಂಥ ಇಕ್ಕಟ್ಟು ಗಲ್ಲಿಗಳಲ್ಲಿ ಆಕಾಶವೇ ಸ್ವಲ್ಪ ಕಾಣುವುದರಿಂದ ಒಂದು ಗೋಡೆ ಬಿಟ್ಟ ಬಿಸಿಯನ್ನು ಎದುರಿನ ಗೋಡೆ ಹೀರುತ್ತದೆ. ಶೀಟು ಮನೆಯಲ್ಲಿ, ತಾರಸಿ ಕೆಳಗಿನ ಒಂದೇ ಕೋಣೆಯಲ್ಲಿ ಮಲಗುವವರಿಗೆ ಈ ರಾತ್ರಿ ಬಿಸಿಯೇ ನಿಜವಾದ ಹಿಂಸೆ. ಇಡೀ ವಿಷಯದಲ್ಲಿ ನನಗೆ ಜಾಸ್ತಿ ಸಂಕಟ ಆಗುವುದು ಇಲ್ಲೇ. ಪತ್ರಿಕೆಗಳಲ್ಲಿ ಬರುವ ಬಣ್ಣಬಣ್ಣದ ನಕ್ಷೆಗಳಲ್ಲಿ ಈ ರಾತ್ರಿ ಸಾಮಾನ್ಯವಾಗಿ ಇರುವುದೇ ಇಲ್ಲ.

ಯಾಕೆಂದರೆ ಆ ನಕ್ಷೆಗಳು ಬಹುಪಾಲು ಲ್ಯಾಂಡ್‌ಸ್ಯಾಟ್ ಉಪಗ್ರಹಗಳಿಂದ ಬರುತ್ತವೆ. ನೆಲ ಹೊರಸೂಸುವ, ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನು ಹಿಡಿದು ಅದರಿಂದ ಉಷ್ಣಾಂಶ ಲೆಕ್ಕ ಹಾಕುತ್ತಾರೆ. ಒಂದು ಲ್ಯಾಂಡ್‌ಸ್ಯಾಟ್ 16 ದಿನಕ್ಕೊಮ್ಮೆ ಒಂದೇ ಜಾಗದ ಮೇಲೆ ಬರುತ್ತದೆ, ಬರುವುದು ಬೆಳಗ್ಗೆ ಹತ್ತು, ಹತ್ತೂವರೆ ಸುಮಾರಿಗೆ. ಮಧ್ಯಾಹ್ನ ಎರಡು ಗಂಟೆಯ ಉರಿಯೂ ಅದಕ್ಕೆ ಸಿಗುವುದಿಲ್ಲ. ಮೋಡ ಇದ್ದರೆ ನೆಲವೇ ಕಾಣುವುದಿಲ್ಲ, ಹಾಗಾಗಿ ಮಳೆಗಾಲದ ಚಿತ್ರಗಳು ಕಡಿಮೆ, ಮಾರ್ಚ್ ಏಪ್ರಿಲ್ ಚಿತ್ರಗಳೇ ಜಾಸ್ತಿ. 2013ರಲ್ಲಿ ಹಾರಿಬಿಟ್ಟ ಲ್ಯಾಂಡ್‌ಸ್ಯಾಟ್ 8 ಶಾಖವನ್ನು ಅಳೆಯುವುದು 100 ಮೀಟರ್ ಚೌಕಗಳಲ್ಲಿ. ಮಲ್ಲೇಶ್ವರದ ಒಂದು ಕ್ರಾಸ್ ರಸ್ತೆ, ಅದರ ಮನೆಗಳು, ನಾಲ್ಕು ಮರ ಎಲ್ಲ ಸೇರಿ ಒಂದೇ ಅಂಕಿ. ಜೊತೆಗೆ ಉಪಗ್ರಹ ನೋಡುವುದು ಮೇಲಿನಿಂದ. ಅದಕ್ಕೆ ಕಾಣುವುದು ಮರದ ತಲೆ ಮತ್ತು ತಾರಸಿ. ಮರದ ಕೆಳಗೆ ನಡೆಯುವವರ ಕಾಲಡಿಯ ನೆಲ ಕಾಣುವುದಿಲ್ಲ.

ಹಸಿರಿನ ಪ್ರಮಾಣ ಹೇಳಲು ಎನ್‌ಡಿವಿಐ ಅನ್ನುವ ಅಳತೆ ಬಳಸುತ್ತಾರೆ. ಹಸಿರೆಲೆ ಕೆಂಪು ಬೆಳಕನ್ನು ಹೀರಿ, ಕೆಂಪಿಗೆ ಹತ್ತಿರದ ಅವಗೆಂಪನ್ನು ಪ್ರತಿಫಲಿಸುತ್ತದೆ. ಈ ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಬರುವ ಅಂಕಿ ಅದು. ಸಾಮಾನ್ಯವಾಗಿ ಎನ್‌ಡಿವಿಐ ಏರಿದ ಕಡೆ ಮೇಲ್ಮೈ ಬಿಸಿ ಇಳಿಯುತ್ತದೆ. ಆದರೆ ಬೋರ್‌ವೆಲ್ ನೀರು ಹೊಡೆದು ಸಾಕಿದ ಲಾನೂ ಹಸಿರಾಗೇ ಕಾಣುತ್ತದೆ, ಆಳಕ್ಕೆ ಬೇರಿಳಿಸಿದ ಮಳೆಮರವೂ ಹಸಿರಾಗೇ ಕಾಣುತ್ತದೆ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ತೋಟಕ್ಕೆ ಬಿಡಬಾರದು ಅಂತ ಜಲಮಂಡಳಿ ಆದೇಶ ಹೊರಡಿಸಿದ ಊರು ಇದು. ಇಲ್ಲಿ ಈ ಎರಡು ಹಸಿರನ್ನೂ ಒಂದೇ ಅನ್ನಲು ಸಾಧ್ಯವೇ ಇಲ್ಲ.

ರಸ್ತೆ ಅಗಲ ಮಾಡುವಾಗ ಒಂದು ಮರಕ್ಕೆ ಹತ್ತು ಸಸಿ ನೆಡುತ್ತೇವೆ ಅನ್ನುವ ಮಾತು ಕೇಳಿಬರುತ್ತದೆ. ತಂಪು ಮಾಡುವುದು ಎಲೆ. ರಸ್ತೆಯ ಈ ಬದಿಯಿಂದ ಆ ಬದಿ ಮುಟ್ಟುವ ಮಳೆಮರದಲ್ಲಿರುವ ಎಲೆ, ಮೊಣಕಾಲೆತ್ತರದ ಹತ್ತು ಸಸಿಗಳಲ್ಲಿ ಇರುವುದಿಲ್ಲ. ಅವು ಬೇರೆ ಎಲ್ಲೋ ದೂರದಲ್ಲಿ ನೆಟ್ಟವಾದರೆ ಈ ರಸ್ತೆಯ ಡಾಂಬರಿಗೆ ಅದರಿಂದ ಏನೂ ಇಲ್ಲ. ಉಳಿದ ಮರಗಳ ಬುಡಕ್ಕೂ ಕಾಂಡದವರೆಗೆ ಕಾಂಕ್ರೀಟ್ ಸುರಿದುಬಿಟ್ಟರೆ ಮಳೆ ನೀರು ಬೇರಿಗೆ ಇಳಿಯುವುದಿಲ್ಲ. ನೀರು ಸಿಗದ ಮರ ಎಲೆರಂಧ್ರ ಮುಚ್ಚಿಕೊಳ್ಳುತ್ತದೆ. ಆಗ ಅದು ನೆರಳು ಕೊಡುತ್ತದೆ, ಆದರೆ ಆವಿಯ ತಂಪು ಕೊಡುವುದಿಲ್ಲ. ನಿಮ್ಮ ರಸ್ತೆಯ ಮರದ ಬುಡದಲ್ಲಿ ಒಂದು ಮೀಟರ್ ಸುತ್ತ ಮಣ್ಣು ಬಿಟ್ಟಿದ್ದಾರಾ ಅಂತ ನೋಡಿ. ಬಿಟ್ಟಿಲ್ಲದಿದ್ದರೆ ವಾರ್ಡ್ ಆಫೀಸಿನಲ್ಲಿ ಕೇಳಿ, ಈ ಮಳೆಗಾಲಕ್ಕೆ ಮುಂಚೆಯೇ ಬಿಡಿಸಿ.