ಹ್ಯಾಮ್‌ಸ್ಟ್ರಿಂಗ್: ಮಂಡಿ ಹಿಂದಿನ ನರ ಕ್ರಿಯಾಪದವಾದ ಬಗೆ

ಈ ಪದ ನಮ್ಮ ಕಿವಿಗೆ ಬಿದ್ದದ್ದು ಕ್ರಿಕೆಟ್‌ನಿಂದ. ಬೌಲರ್ ಓಡಿ ಬರುತ್ತಾ ತೊಡೆಯ ಹಿಂಭಾಗ ಹಿಡಿದು ನಿಂತರೆ ಸಾಕು, ಚಿನ್ನಸ್ವಾಮಿ ಸ್ಟ್ಯಾಂಡಿನಲ್ಲಿ ಯಾರಾದರೊಬ್ಬರು 'ಹ್ಯಾಮ್‌ಸ್ಟ್ರಿಂಗ್ ಹೋಯ್ತು' ಅಂತಾರೆ. ಆದರೆ ಮೊನ್ನೆ ವಿಜಯನಗರದ ರೀಡಿಂಗ್ ರೂಮಿನಲ್ಲಿ ಕೂತು ಇಂಗ್ಲಿಷ್ ಪೇಪರ್ ಬಿಡಿಸುವಾಗ 'ದಿ ಕಮಿಟಿ ವಾಸ್ ಹ್ಯಾಮ್‌ಸ್ಟ್ರಂಗ್ ಬೈ ಲ್ಯಾಕ್ ಆಫ್ ಫಂಡ್ಸ್' ಎಂಬ ವಾಕ್ಯ ಬಂತು. ಕಮಿಟಿಗೆಲ್ಲಿಯ ತೊಡೆ?

ಮೊದಲು ನರವನ್ನೇ ಮುಟ್ಟಿ ನೋಡಿ. ಕುರ್ಚಿಯಲ್ಲಿ ಕೂತು, ಹಿಮ್ಮಡಿಯನ್ನು ನೆಲಕ್ಕೊತ್ತಿ ಹಿಂದಕ್ಕೆ ಎಳೆಯುವ ಹಾಗೆ ಮಾಡಿ, ಮಂಡಿಯ ಹಿಂದೆ ಬೆರಳಿಡಿ. ಎರಡೂ ಬದಿಯಲ್ಲಿ ತಂತಿಯಂತೆ ಬಿಗಿಯುತ್ತವಲ್ಲ, ಅವೇ. 'ಹ್ಯಾಮ್' ಅಂದರೆ ಹಳೆಯ ಇಂಗ್ಲಿಷಿನಲ್ಲಿ ಮಂಡಿಯ ಹಿಂದಿನ ಮಡಿಕೆ. ಹಂದಿಮಾಂಸದ ಅರ್ಥ ಆಮೇಲಿನದು. 'ಸ್ಟ್ರಿಂಗ್' ಅಂದರೆ ಸ್ನಾಯುರಜ್ಜು, ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ. (ನಮ್ಮ 'ನರ'ಕ್ಕೂ ಎರಡು ಅರ್ಥ: ಡಾಕ್ಟರಿಗೆ ಮಿದುಳಿನ ಸಂದೇಶ ಒಯ್ಯುವ ತಂತು, ಕಾಲು ತಿಕ್ಕುವ ಅಜ್ಜಿಗೆ ಈ ಹುರಿ. ಇಲ್ಲಿ ಅಜ್ಜಿಯ ಅರ್ಥವೇ.)

ಯುದ್ಧದಲ್ಲಿ ಶತ್ರುವಿನ ಕುದುರೆಯ ಹಿಂಗಾಲಿನ ಈ ನರ ಕತ್ತರಿಸುತ್ತಿದ್ದರು. ಪ್ರಾಣ ಹೋಗದು, ಓಟ ಹೋಗುತ್ತದೆ. 1611ರ ಇಂಗ್ಲಿಷ್ ಬೈಬಲಿನಲ್ಲಿ, ಯೆಹೋಶುವನ ಕಥೆಯಲ್ಲಿ, ಇದಕ್ಕೆ 'ಹಾಕ್' ಎಂಬ ಬೇರೆ ಕ್ರಿಯಾಪದವಿದೆ. ಈಗಿನ ಅನುವಾದಗಳಲ್ಲಿ ಹ್ಯಾಮ್‌ಸ್ಟ್ರಿಂಗ್. 1641ರ ಹೊತ್ತಿಗಾಗಲೇ ಕವಿ ಮಿಲ್ಟನ್ ಬಿಷಪ್‌ಗಳ ವಿರುದ್ಧ ಬರೆಯುತ್ತಾ, ಅವರು ಪ್ರಜೆಗಳ ಶೌರ್ಯವನ್ನೇ ಹ್ಯಾಮ್‌ಸ್ಟ್ರಿಂಗ್ ಮಾಡಿದ್ದಾರೆ ಅಂದಿದ್ದ. ಅಂದರೆ ಕಮಿಟಿಗೆ ಕಾಲು ಬಂದದ್ದು ನಿನ್ನೆ ಮೊನ್ನೆಯಲ್ಲ.

'ಡಿಸೇಬಲ್'ಗೂ ಇದಕ್ಕೂ ವ್ಯತ್ಯಾಸ ಇಲ್ಲೇ ಇದೆ. ಡಿಸೇಬಲ್ ಮಾಡಿದ ನೋಟಿಫಿಕೇಶನ್ ಬರುವುದೇ ಇಲ್ಲ. ಹ್ಯಾಮ್‌ಸ್ಟ್ರಂಗ್ ಆದದ್ದು ಇನ್ನೂ ಬದುಕಿರುತ್ತದೆ, ಓಡಲಾರದು ಅಷ್ಟೆ. ನಮ್ಮ ಕೆರೆ ಉಳಿಸುವ ಸಮಿತಿಯನ್ನು ನೆನೆಸಿಕೊಳ್ಳಿ: ಅಧ್ಯಕ್ಷರಿದ್ದಾರೆ, ಬೋರ್ಡಿದೆ, ತಿಂಗಳಿಗೊಂದು ಸಭೆ, ಬೋಂಡಾ ಕಾಫಿ ಎಲ್ಲ ಇದೆ, ಹೂಳೆತ್ತಿಸಲು ದುಡ್ಡಿಲ್ಲ, ಯಾರನ್ನೂ ಕೇಳುವ ಅಧಿಕಾರವಿಲ್ಲ. ಅದಕ್ಕೆ ಈ ಪದ ಹೇಳಿ ಮಾಡಿಸಿದ್ದು.

ಬಳಕೆ ಹೆಚ್ಚಾಗಿ ಕರ್ಮಣಿಯಲ್ಲಿ, 'ಬೈ' ಜೊತೆ. ಅಡ್ಡಿ ಮಾಡುವುದು ಸಾಮಾನ್ಯವಾಗಿ ಮನುಷ್ಯನಲ್ಲ. ಕಾನೂನು, ಸಾಲ, ದುಡ್ಡಿನ ಕೊರತೆ, ಕಚೇರಿಯ ಕೆಂಪುಪಟ್ಟಿ.

ಭೂತಕಾಲದ ರೂಪದಲ್ಲಿ ಒಂದು ತಮಾಷೆ. ಇದು ನಾಮಪದದಿಂದ ಹುಟ್ಟಿದ ಕ್ರಿಯಾಪದ, ಲೆಕ್ಕದ ಪ್ರಕಾರ 'ಹ್ಯಾಮ್‌ಸ್ಟ್ರಿಂಗ್ಡ್' ಆಗಬೇಕಿತ್ತು. 'ಸ್ಟ್ರಿಂಗ್–ಸ್ಟ್ರಂಗ್' ನೋಡಿ ಜನ ಇದನ್ನೂ 'ಹ್ಯಾಮ್‌ಸ್ಟ್ರಂಗ್' ಮಾಡಿಬಿಟ್ಟರು. ಪರೀಕ್ಷೆಯಲ್ಲಿ ಅದನ್ನೇ ಬರೆಯಿರಿ.

ಕನ್ನಡಕ್ಕೆ ತರುವಾಗ ನಾನು 'ಕೈಕಟ್ಟಿ ಹಾಕು' ಅನ್ನುತ್ತೇನೆ. ಅವರು ಕಾಲಿಗೆ ಕೈ ಹಾಕಿದ್ದಾರೆ, ನಾವು ಕೈಗೇ. ಒಂದೇ ಕೊರತೆ: ಕಟ್ಟಿದ ಕೈಯನ್ನು ಬಿಚ್ಚಬಹುದು, ಕತ್ತರಿಸಿದ ನರ ಅಷ್ಟು ಸುಲಭವಾಗಿ ಕೂಡುವುದಿಲ್ಲ.